ಮ್ಯೂಸಿಕ್ ಕಾಂಕ್ರೆಟ್

ನಿತ್ಯಜೀವನದ ಸದ್ದುಗಳನ್ನು ಧ್ವನಿಮುದ್ರಿಸಿಕೊಂಡು, ಅವನ್ನೇ ಕತ್ತರಿಸಿ ಜೋಡಿಸಿ ಕೃತಿ ಕಟ್ಟುವ ಸಂಗೀತ ಪದ್ಧತಿ. ಫ್ರೆಂಚ್ ರೇಡಿಯೋದ ಎಂಜಿನಿಯರ್ ಪಿಯರ್ ಶೇಫರ್ (1910–1995) 1948ರಲ್ಲಿ ಪ್ಯಾರಿಸ್‌ನಲ್ಲಿ ಇದನ್ನು ರೂಪಿಸಿದರು. ಬಾತಿನ್ಯೋಲ್ ರೈಲು ನಿಲ್ದಾಣದಲ್ಲಿ ಮುದ್ರಿಸಿದ ಉಗಿಬಂಡಿಗಳ ಸಿಳ್ಳೆ, ಗಾಲಿಗಳ ಲಯ ಅವರ ಮೊದಲ ಕೃತಿಯ ಸಾಮಗ್ರಿ. ಅದೂ ಸೇರಿ ಐದು ರಚನೆಗಳು ಆ ವರ್ಷದ ಅಕ್ಟೋಬರ್ 5ರಂದು ಪ್ರಸಾರವಾದವು.

ಆಗ ಶೇಫರರ ಕೈಯಲ್ಲಿ ಟೇಪ್ ಇರಲಿಲ್ಲ, ಇದ್ದದ್ದು ಗ್ರಾಮಫೋನ್ ತಟ್ಟೆ. ತಟ್ಟೆಯ ಸುರುಳಿಗೆರೆಯನ್ನು ಒಂದೇ ಸುತ್ತಿಗೆ ಮುಚ್ಚಿಬಿಟ್ಟರೆ ಮುಳ್ಳು ಅಲ್ಲೇ ಸುತ್ತುತ್ತದೆ; ಸದ್ದಿನ ತುಣುಕು ಮತ್ತೆ ಮತ್ತೆ ಮರಳಿ ತಾಳವಾಗುತ್ತದೆ. ವೇಗ ಬದಲಿಸಿದರೆ ಶ್ರುತಿ ಏರಿಳಿಯುತ್ತದೆ. ಗಂಟೆಯ ನಾದದಿಂದ ಮೊದಲ ಹೊಡೆತವನ್ನಷ್ಟೇ ತೆಗೆದುಹಾಕಿದಾಗ ಅದು ಗಂಟೆಯೆಂದು ಗುರುತೇ ಸಿಗದೆ ಊದುವಾದ್ಯದಂತೆ ಕೇಳಿಸಿತು. ನಾದದ ಗುರುತು ಬಹುಪಾಲು ಅದರ ಆರಂಭದಲ್ಲಿದೆ ಎಂಬ ಈ ಅರಿವು ಅವರ ಕೃತಿಗಳಷ್ಟೇ ದೊಡ್ಡ ಕೊಡುಗೆ.

ಇವರಿಗೂ ಮೊದಲು, 1944ರಲ್ಲಿ, ಕೈರೋದ ಹಲೀಮ್ ಅಲ್-ದಬ್ ತಂತಿ ಧ್ವನಿಮುದ್ರಕದಲ್ಲಿ ದೆವ್ವ ಬಿಡಿಸುವ ಝಾರ್ ಆಚರಣೆಯ ಹಾಡನ್ನು ಹಿಡಿದು ಮಾರ್ಪಡಿಸಿದ್ದರು. ಈ ಹೆಸರನ್ನು ಬಿಟ್ಟು ಇತಿಹಾಸ ಬರೆಯುವುದು ಅನ್ಯಾಯ. ಈ ತಂತ್ರ ಮುಂದೆ ರಾಕ್ ಸಂಗೀತಕ್ಕೂ ಬಂತು: ಪಿಂಕ್ ಫ್ಲಾಯ್ಡ್ ತಂಡದ ‘ಮನಿ’ (1973) ಹಾಡಿನಲ್ಲಿ ನಾಣ್ಯ, ಹರಿಯುವ ಕಾಗದ, ಗಲ್ಲಾಪೆಟ್ಟಿಗೆಗಳ ಸದ್ದು ಟೇಪ್ ಕುಣಿಕೆಯಲ್ಲಿ ಸುತ್ತಿ ಏಳು ಮಾತ್ರೆಗಳ ಲಯ ಹಾಕುತ್ತದೆ.