ಲೋಟ, ಬೊಗಸೆ ಮತ್ತು ಒಂದು ಲೆಮನೇಡ್ ಬಾರ್

ಹೋದ ಏಪ್ರಿಲ್‌ನಲ್ಲಿ ಆಫೀಸಿನ ಹತ್ತು ಜನ ಗೆಳೆಯರನ್ನು ಹೊಳಲ್ಕೆರೆಯ ನಮ್ಮ ಮನೆಗೆ ಕರೆದಿದ್ದೆ. ಚಿತ್ರದುರ್ಗದಿಂದ ಶಿವಮೊಗ್ಗದ ದಾರಿ ಹಿಡಿದರೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಬಿಸಿಲು ಹೇಗಿತ್ತು ಅಂದ್ರೆ, ಮಧ್ಯಾಹ್ನ ನಾಯಿಗಳೂ ಬೀದಿಗೆ ಇಳೀತಿರಲಿಲ್ಲ. ಪಾರ್ಟಿಗೆ ಏನಾದರೂ ಹೊಸತು ಇರಲಿ ಅಂತ ಮೊಬೈಲಿನಲ್ಲಿ ನೋಡಿದ್ದ ‘ಲೆಮನೇಡ್ ಬಾರ್’ ಮಾಡಲು ಹೊರಟೆ. ಅಂಗಳದಲ್ಲಿ ಚಪ್ಪರ, ಅದರಡಿ ಉದ್ದ ಮೇಜು, ಮೇಜಿನ ಮೇಲೆ ನಲ್ಲಿ ಇರುವ ಗಾಜಿನ ಜಾಡಿಗಳು. ಪಕ್ಕದಲ್ಲಿ ಪುದೀನ, ಶುಂಠಿ, ದಾಳಿಂಬೆ ರಸ, ನೆನೆಸಿದ ಕಾಮಕಸ್ತೂರಿ ಬೀಜ. ಯಾರಿಗೆ ಯಾವ ರುಚಿ ಬೇಕೋ ಅವರೇ ಬೆರೆಸಿಕೊಳ್ಳೋದು.

ಅಜ್ಜಿ ಬಂದು ಮೇಜಿಗೆ ಒಂದು ಸುತ್ತು ಹಾಕಿದರು. “ಇದಕ್ಕೆ ಬಾರು ಅಂತ ಯಾಕೋ ಹೆಸರು? ಅರವಟ್ಟಿಗೆ ಇಟ್ಟಂಗೈತಲ್ಲ,” ಅಂದರು.

ತಮಾಷೆಗೆ ಅಂದಿದ್ದು. ಆದರೆ ಇತಿಹಾಸದ ದೃಷ್ಟಿಯಿಂದ ಅಜ್ಜಿಯ ಮಾತೇ ಸರಿ. ಹೇಗೆ ಅಂತ ನೋಡಿ.

ಹೊರಗಿನ ಜಗತ್ತಿನಲ್ಲಿ ನಿಂಬೆ ಶರಬತ್ತಿನ ಚರಿತ್ರೆ ಬಹುಪಾಲು ವ್ಯಾಪಾರದ ಚರಿತ್ರೆ. ಮಧ್ಯಯುಗದ ಕೈರೋದಲ್ಲೇ ಸಕ್ಕರೆ ಬೆರೆಸಿದ ನಿಂಬೆರಸ ಬಾಟಲಿಗಳಲ್ಲಿ ಮಾರಾಟವಾಗುತ್ತಿತ್ತು. ಪ್ಯಾರಿಸ್‌ನಲ್ಲಿ 1676ರಲ್ಲಿ ಲೆಮನೇಡ್ ಮಾರುವವರದ್ದೇ ಒಂದು ಅಧಿಕೃತ ಸಂಘವಿತ್ತು. 1872ರಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷಿನವನು ಬಾಟಲಿಯ ಕುತ್ತಿಗೆಯಲ್ಲಿ ಗಾಜಿನ ಗೋಲಿ ಕೂರಿಸಿ ಪೇಟೆಂಟ್ ಪಡೆದ. ಒಳಗಿನ ಗ್ಯಾಸಿನ ಒತ್ತಡವೇ ಗೋಲಿಯನ್ನು ಮೇಲೆ ತಳ್ಳಿ ಬಾಯಿ ಮುಚ್ಚಿಸುತ್ತದೆ. ನಮ್ಮ ಜಾತ್ರೆಗಳಲ್ಲಿ ‘ಪಟ್’ ಅಂತ ಒತ್ತಿ ಕೊಡೋ ಗೋಲಿ ಸೋಡಾ ಇದೇ!

ಕನ್ನಡ ನಾಡಿನಲ್ಲಿ ಪಾನಕದ ಚರಿತ್ರೆಗೆ ಎರಡು ದಾರಿಗಳಿವೆ. ಒಂದು ಅರಮನೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಬರೆಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ‘ಪಾನೀಯಭೋಗ’ ಅಂತಲೇ ಒಂದು ಭಾಗವಿದೆ. ಕುಡಿಯುವ ನೀರಿಗೆ ಪರಿಮಳ ಕಟ್ಟುವುದು ಹೇಗೆ ಅನ್ನೋದೂ ಅಲ್ಲಿ ರಾಜಭೋಗದ ವಿಷಯ. ಕಲ್ಲಹಳ್ಳಿಯ ಮೂರನೆಯ ಮಂಗರಸ 1500ರ ಆಸುಪಾಸಿನಲ್ಲಿ ಕನ್ನಡದಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲೂ ಪಾನಕಗಳಿಗೆ ಪ್ರತ್ಯೇಕ ಅಧ್ಯಾಯವಿದೆ. ‘ಫ್ಲೇವರ್ಡ್’ ಅನ್ನೋದು ನಮಗೆ ಹೊಸದೇನಲ್ಲ ಬಿಡಿ.

ಇನ್ನೊಂದು ದಾರಿ ನಿಜವಾಗಿಯೂ ದಾರಿಯೇ. ಹಳಗನ್ನಡದಲ್ಲಿ ‘ಅಱವಂಟಿಗೆ’ ಅಂತಿದ್ದದ್ದು ಇವತ್ತಿನ ಅರವಟ್ಟಿಗೆ. ‘ಅಱ’ ಅಂದರೆ ಧರ್ಮ. ಬೇಸಿಗೆಯಲ್ಲಿ ದಾರಿಹೋಕರಿಗೆ ಪುಕ್ಕಟೆ ನೀರು, ಮಜ್ಜಿಗೆ, ಪಾನಕ ಕೊಡುವ ಚಪ್ಪರ. ಇದನ್ನು ನಡೆಸಲು ಭೂಮಿ ದಾನ ಕೊಟ್ಟದ್ದನ್ನು ಶಾಸನಗಳು ಹೇಳುತ್ತವೆ. ರಾಮನವಮಿಯ ದಿನ ಬೆಂಗಳೂರಿನ ರಸ್ತೆ ಬದಿಯಲ್ಲಿ ನಿಮ್ಮ ಸ್ಕೂಟರ್ ನಿಲ್ಲಿಸಿ ಪಾನಕ, ಕೋಸಂಬರಿ ಕೊಡ್ತಾರಲ್ಲ, ಅದು ಇದರದ್ದೇ ಉಳಿಕೆ.

ನೀರಿಗೆ ಈ ಗೌರವ ಸುಮ್ಮನೆ ಬಂದಿದ್ದಲ್ಲ. ‘ಹೊಳಲು’ ಅಂದರೆ ಪಟ್ಟಣ. ನಮ್ಮೂರಿನ ಹೆಸರಲ್ಲೇ ಕೆರೆ ಇದೆ. ಮಳೆ ಕೈಕೊಡುವ ಸೀಮೆ ಇದು. ಇವತ್ತಿಗೂ ಪಕ್ಕದ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ನೀರು ಕೊಳವೆಯಲ್ಲಿ ಚಿತ್ರದುರ್ಗದವರೆಗೂ ಹೋಗುತ್ತದೆ. ಇಂಥ ಕಡೆ ಬಂದವರ ಕೈಗೆ ಮೊದಲು ಬೆಲ್ಲ, ನೀರು ಕೊಟ್ಟು ಆಮೇಲೆ ಮಾತಾಡಿಸೋದು ಬರೀ ಉಪಚಾರ ಅಲ್ಲ.

ಇದನ್ನೆಲ್ಲ ಅಜ್ಜಿಗೆ ಉತ್ಸಾಹದಿಂದ ಹೇಳಿದೆ. “ಹಂಗಾದ್ರೆ ಗೇಟಿನಾಚೆಗೂ ಒಂದು ಮಡಕೆ ಇಡು,” ಅಂದರು. ಒಪ್ಪಿಕೊಂಡೆ.

ಲೆಕ್ಕ ಬೇಕಿದ್ದವರಿಗೆ ಹೇಳ್ತೀನಿ. ಒಬ್ಬರಿಗೆ 200 ಎಂ.ಎಲ್.ನ ಮೂರು ಲೋಟ ಹಿಡಿದರೆ ಹತ್ತು ಜನಕ್ಕೆ 6 ಲೀಟರ್. ಲೀಟರಿಗೆ 4 ನಿಂಬೆಹಣ್ಣು, 150 ಗ್ರಾಂ ಬೆಲ್ಲ, ಚಿಟಿಕೆ ಉಪ್ಪು. ಬೆಲ್ಲ ಕರಗಿಸಿ ಸೋಸಿ, ಏಲಕ್ಕಿ, ಕಾಳುಮೆಣಸು, ಒಣಶುಂಠಿ ಪುಡಿ ಹಾಕಿಡಿ. ನಿಂಬೆ ಮಾತ್ರ ಕೊನೆಗೆ ಹಿಂಡಿ. ಮೊದಲೇ ಹಿಂಡಿಟ್ಟರೆ ಕಹಿಯಾಗುತ್ತೆ. ಇನ್ನೊಂದು ಜಾಡಿಗೆ ಸೊಗದೆ ಬೇರಿನ ಶರಬತ್ತು, ಮತ್ತೊಂದಕ್ಕೆ ಬೇಲದ ಹಣ್ಣಿನ ಪಾನಕ. ಕುಡಿಯುವ ನೀರಿನ ಮಡಕೆಗೆ ಒಂದು ಹಿಡಿ ಲಾವಂಚದ ಬೇರು. ಚೆಂದ ಕಾಣ್ತದೆ ಅಂತ ತಾಮ್ರದ ಕೊಳಗದಲ್ಲೋ ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲೋ ಹುಳಿ ಇಡಬೇಡಿ, ಕಿಲುಬು ಬಿಡುತ್ತೆ.

ಎಲ್ಲಾ ಜೋಡಿಸಿ, ಗೇಟಿನಾಚೆ ಸ್ಟೂಲಿನ ಮೇಲೆ ಪಾನಕದ ಮಡಕೆ ಇಟ್ಟೆ. ಪಕ್ಕದಲ್ಲಿ ಪೇಪರ್ ಕಪ್ಪುಗಳು. ಒಳಗೆ ಗೆಳೆಯರಿಗೆ ಗಾಜಿನ ಲೋಟ.

ಅಜ್ಜಿ ಗೇಟಿನ ಹತ್ತಿರ ನಿಂತು ಕೇಳಿದರು: “ಹೊರಗಿನೋರಿಗೆ ಬ್ಯಾರೆ ಲೋಟಾನಾ?”

“ಹಾಗಲ್ಲ ಅಜ್ಜಿ, ತೊಳೆಯೋದು ಕಷ್ಟ ಅಂತ...”

“ನಮ್ಮ ಮಾವನೋರೂ ಹಿಂಗೇ ಏನೋ ಅಂತಿದ್ರು,” ಅಂದರು. ಆಮೇಲೆ ಹೇಳಿದ್ದು ಇಷ್ಟು. ಅಜ್ಜಿ ಮದುವೆಯಾಗಿ ಬಂದ ಕಾಲದಲ್ಲಿ ನಮ್ಮ ಮನೆಯವರೇ ದಾರಿ ಬದಿ ಹುಣಸೆಮರದಡಿ ಅರವಟ್ಟಿಗೆ ಇಡುತ್ತಿದ್ದರಂತೆ. ಕೆಲವರ ಕೈಗೆ ಹಿತ್ತಾಳೆ ಲೋಟ. ಇನ್ನು ಕೆಲವರು ದೂರದಲ್ಲಿ ಬಗ್ಗಿ ಬೊಗಸೆ ಒಡ್ಡಬೇಕು, ಮೇಲಿನಿಂದ ನೀರು ಹೊಯ್ಯೋರು. ಯಾರಿಗೆ ಲೋಟ, ಯಾರಿಗೆ ಬೊಗಸೆ ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬರೋರಿಗೇ ಗೊತ್ತಿರುತ್ತಿತ್ತು.

ನಾನು ಅಷ್ಟುಹೊತ್ತು ಹೆಮ್ಮೆಯಿಂದ ಹೇಳಿದ ಚರಿತ್ರೆಯಲ್ಲಿ ಈ ಭಾಗ ಇರಲೇ ಇಲ್ಲ. ‘ಅಱ’ ಅಂದರೆ ಧರ್ಮ ಸರಿ, ಆದರೆ ಆ ಧರ್ಮಕ್ಕೂ ಎರಡು ಪಾತ್ರೆಗಳಿದ್ದವು. 1927ರ ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಯಲ್ಲಿ ಅಂಬೇಡ್ಕರ್ ನೀರು ಕುಡಿದದ್ದು ಬಾಯಾರಿಕೆಗೆ ಅಲ್ಲ. ನಮ್ಮ ಸಂವಿಧಾನದ 15ನೆಯ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಬಿಡಿಬಿಡಿಯಾಗಿ ಹೆಸರು ಹೇಳಿ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಅಂತ ಬರೆಯಬೇಕಾಯಿತು. ಒಂದು ದೇಶದ ಮೂಲ ಕಾನೂನಿನಲ್ಲಿ ಬಾವಿಯ ಹೆಸರು ಯಾಕೆ ಬಂತು ಅಂತ ಕೇಳಿಕೊಂಡರೆ, ಹುಣಸೆಮರದಡಿಯ ಆ ಬೊಗಸೆ ನೆನಪಾಗುತ್ತೆ.

ಪೇಪರ್ ಕಪ್ಪಿನಲ್ಲಿ ದೋಷವಿಲ್ಲ. ಒಳಗೊಂದು, ಹೊರಗೊಂದು ಇಟ್ಟಿದ್ದೆನಲ್ಲ, ಅದರಲ್ಲಿತ್ತು. ಜಾತಿ ಯೋಚಿಸಿ ಇಟ್ಟಿದ್ದಲ್ಲ, ನಿಜ. ಯೋಚಿಸದೆ ಇಟ್ಟಿದ್ದೆ ಅನ್ನೋದೇ ನನಗೆ ಚುಚ್ಚಿದ್ದು.

ಅಟ್ಟದಿಂದ ಮದುವೆ ಮುಯ್ಯಿಯ ಸ್ಟೀಲ್ ಲೋಟಗಳನ್ನು ಇಳಿಸಿದೆ. ಹೆಚ್ಚೂಕಮ್ಮಿ ಐವತ್ತಿದ್ದವು. ಮೇಜನ್ನು ಚಪ್ಪರದಡಿಯಿಂದ ಎತ್ತಿ ಗೇಟಿನ ಬಾಯಿಗೇ ತಂದು ಹಾಕಿದೆವು. ಒಳಗಿನವರು ಈ ಕಡೆಯಿಂದ, ದಾರಿಯವರು ಆ ಕಡೆಯಿಂದ. ಜಾಡಿ ಅವೇ, ಲೋಟ ಅವೇ, ತೊಳೆಯುವ ಬಕೆಟ್ಟೂ ಒಂದೇ. ತೋಟದ ಕೆಲಸ ಮುಗಿಸಿ ಬರುತ್ತಿದ್ದವರು, ಸಿಲಿಂಡರ್ ತಂದ ಹುಡುಗ, ನಮ್ಮ ಟೀಮ್ ಲೀಡ್, ಎಲ್ಲರೂ ಬೆರೆಸಿಕೊಂಡು ಕುಡಿದರು. ಸೊಗದೆ ಬೇರಿನ ಶರಬತ್ತು ಎಲ್ಲಕ್ಕಿಂತ ಮೊದಲು ಖಾಲಿಯಾಯಿತು.

ಈ ಬೇಸಿಗೆಯಲ್ಲಿ ನೀವೂ ಲೆಮನೇಡ್ ಬಾರ್ ಮಾಡುವವರಿದ್ದರೆ ರುಚಿ ನಿಮ್ಮಿಷ್ಟ. ಮನೆಕೆಲಸಕ್ಕೆ ಬರುವ ಅಕ್ಕನಿಗೂ, ಸೆಕ್ಯುರಿಟಿ ಅಣ್ಣನಿಗೂ, ಡೆಲಿವರಿ ಹುಡುಗನಿಗೂ ಯಾವ ಲೋಟದಲ್ಲಿ ಕೊಡ್ತೀರಿ ಅನ್ನೋದನ್ನು ಮಾತ್ರ ನಿಂಬೆ ಹಿಂಡೋಕೆ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ.