ಗರಸು ಗುಂಡಿ: ಅಗೆಯಲು ಅನುಮತಿ ಯಾರದು, ಮುಚ್ಚುವ ಹೊಣೆ ಯಾರದು?

ರಸ್ತೆಗೆ ಹಾಸುವ, ಮನೆಯ ತಳಪಾಯಕ್ಕೆ ತುಂಬುವ ಗರಸು ಎಲ್ಲಿಂದ ಬರುತ್ತದೆಂದು ನಗರವಾಸಿಗಳು ವಿಚಾರಿಸುವುದು ಅಪರೂಪ. ಅದು ಊರಾಚೆಯ ಸಣ್ಣಪುಟ್ಟ ಗುಂಡಿಗಳಿಂದ ಬರುತ್ತದೆ. ಮಣ್ಣು ಲಾರಿಯೇರಿ ಹೋದ ಮೇಲೆ ಉಳಿಯುವ ಹಳ್ಳದ ಪಾಡೇನು ಎಂಬುದು ಈ ಬರಹದ ವಿಷಯ.

1957ರ ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯು ಕಟ್ಟಡದ ಕಲ್ಲು, ಗರಸು, ಸಾಮಾನ್ಯ ಜೇಡಿಮಣ್ಣು ಹಾಗೂ ಸಾಮಾನ್ಯ ಮರಳನ್ನು ‘ಉಪಖನಿಜ’ ಎಂದು ಕರೆದಿದೆ. ಇವುಗಳ ಬಗ್ಗೆ ನಿಯಮ ರೂಪಿಸುವ ಅಧಿಕಾರವನ್ನು 15ನೇ ಕಲಮಿನಡಿ ರಾಜ್ಯಗಳಿಗೆ ನೀಡಲಾಗಿದೆ. ರಸ್ತೆ, ದಂಡೆಗಳಿಗೆ ತುಂಬುವ ಸಾಮಾನ್ಯ ಮಣ್ಣು ಕೂಡ 2000ದ ಫೆಬ್ರುವರಿಯಲ್ಲಿ ಈ ಪಟ್ಟಿಗೆ ಸೇರಿತು. ಕರ್ನಾಟಕದಲ್ಲಿ 1994ರ ಉಪಖನಿಜ ರಿಯಾಯಿತಿ ನಿಯಮಾವಳಿಯನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆ ಜಾರಿಗೊಳಿಸುತ್ತದೆ. ‘ನನ್ನ ಪಟ್ಟಾ ಜಮೀನು, ನಾನು ಅಗೆದರೆ ಯಾರಿಗೇನು’ ಎಂಬ ವಾದ ಇಲ್ಲಿ ನಡೆಯದು. ಮಾರಾಟಕ್ಕಾಗಿ ಮಣ್ಣು ತೆಗೆಯಬೇಕಾದರೆ ಸ್ವಂತ ನೆಲದಲ್ಲಿಯೂ ಅನುಮತಿ ಬೇಕು, ರಾಜಧನ ಕಟ್ಟಬೇಕು.

ಐದು ಹೆಕ್ಟೇರಿನ ಗೆರೆ

2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯು 5 ಹೆಕ್ಟೇರು, ಅಂದರೆ ಸುಮಾರು 12 ಎಕರೆ 14 ಗುಂಟೆಗಿಂತ ಕಡಿಮೆಯ ಗುತ್ತಿಗೆಗಳನ್ನು ಪರಿಸರ ಅನುಮೋದನೆಯ ಹೊರಗಿಟ್ಟಿತ್ತು. ಗೆರೆ ಎಳೆದಲ್ಲಿ ಸಂದಿ ಹುಡುಕುವವರು ಇದ್ದೇ ಇರುತ್ತಾರೆ. ದೊಡ್ಡ ಪ್ರದೇಶವನ್ನು ಸಣ್ಣ ತುಂಡುಗಳಾಗಿ ಒಡೆದು ಗುತ್ತಿಗೆ ಕೊಡುವ ದಾರಿ ತೆರೆದುಕೊಂಡಿತು. ದೀಪಕ್ ಕುಮಾರ್ ಮತ್ತು ಹರಿಯಾಣ ಸರ್ಕಾರದ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಫೆಬ್ರುವರಿ 27ರಂದು ಈ ದಾರಿಯನ್ನು ಮುಚ್ಚಿತು. 5 ಹೆಕ್ಟೇರಿಗಿಂತ ಕಡಿಮೆಯಿದ್ದರೂ, ನವೀಕರಣವೇ ಆಗಿದ್ದರೂ ಪರಿಸರ ಅನುಮೋದನೆ ಕಡ್ಡಾಯವೆಂದು ಆದೇಶಿಸಿತು.

2016ರ ಜನವರಿಯಲ್ಲಿ ಕೇಂದ್ರವು ಸಣ್ಣ ಗುತ್ತಿಗೆಗಳ ಅನುಮೋದನೆಯನ್ನು ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರಕ್ಕೆ ವಹಿಸಿತು. ಜಿಲ್ಲಾಡಳಿತವೇ ಗುತ್ತಿಗೆಯ ಪ್ರಕ್ರಿಯೆಯಲ್ಲಿ ಭಾಗಿಯಾಗಿ, ಅದೇ ಪರಿಸರದ ಕಾವಲನ್ನೂ ಮಾಡುವುದು ವಿಚಿತ್ರ ಏರ್ಪಾಡೇ ಸರಿ. 2018ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದಕ್ಕೆ ಆಕ್ಷೇಪ ಎತ್ತಿದ ಬಳಿಕ ಅಧಿಕಾರ ಮತ್ತೆ ರಾಜ್ಯಮಟ್ಟದ ಪ್ರಾಧಿಕಾರಕ್ಕೆ ಮರಳಿತು.

ಇನ್ನೊಂದು ವಿನಾಯಿತಿಯ ಕಥೆ ಇತ್ತೀಚಿನದು. ರಸ್ತೆ, ಕೊಳವೆಮಾರ್ಗದಂತಹ ಕಾಮಗಾರಿಗಳಿಗೆ ಸಾಮಾನ್ಯ ಮಣ್ಣು ತೆಗೆಯಲು ಅನುಮೋದನೆ ಬೇಡವೆಂದು ಕೇಂದ್ರವು 2020ರ ಮಾರ್ಚ್ 28ರಂದು, ಲಾಕ್‌ಡೌನ್‌ನ ಮೊದಲ ವಾರದಲ್ಲಿ, ಅಧಿಸೂಚನೆ ಹೊರಡಿಸಿತ್ತು. ಎಷ್ಟು ಮಣ್ಣು, ಎಷ್ಟು ವಿಸ್ತೀರ್ಣ ಎಂಬ ಮಿತಿಯೇ ಅದರಲ್ಲಿರಲಿಲ್ಲ. 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು.

ಆರು ಮೀಟರ್ ಆಳ

ಕಾರ್ಮಿಕರ ಸುರಕ್ಷತೆಯ ವಿಷಯಕ್ಕೆ ಬಂದರೆ, 1952ರ ಗಣಿ ಕಾಯ್ದೆಯ 3ನೇ ಕಲಮು ಸಣ್ಣ ಗರಸು ಗುಂಡಿಗಳಿಗೆ ದೊಡ್ಡ ರಿಯಾಯಿತಿ ನೀಡಿತ್ತು. ಆಳ ಎಲ್ಲಿಯೂ 6 ಮೀಟರ್ ಮೀರದಿದ್ದರೆ, ದಿನವೊಂದಕ್ಕೆ ದುಡಿಯುವವರು 50 ಮಂದಿಯನ್ನು ದಾಟದಿದ್ದರೆ ಮತ್ತು ಸ್ಫೋಟಕ ಬಳಸದಿದ್ದರೆ ಕಾಯ್ದೆಯ ಬಹುಭಾಗ ಅನ್ವಯಿಸುತ್ತಿರಲಿಲ್ಲ. ಜೆಸಿಬಿಯಲ್ಲಿ ಅಗೆಯುವ ಗುಂಡಿಗೆ ಸ್ಫೋಟಕವೇಕೆ, ಐವತ್ತು ಆಳುಗಳೇಕೆ? ಆದರೆ ಆರು ಮೀಟರ್ ಎಂದರೆ ಎರಡು ಅಂತಸ್ತಿನ ಮನೆಯ ಎತ್ತರ. ಕಾಯ್ದೆಯ ವ್ಯಾಪ್ತಿಗೆ ಬರುವ ಗಣಿಗಳಿಗೆ 1961ರ ನಿಬಂಧನೆಗಳು ವಿಧಿಸಿದ್ದ ಷರತ್ತನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಗರಸಿನಂತಹ ಸಡಿಲ ನೆಲದಲ್ಲಿ ಗೋಡೆಯ ಇಳಿಜಾರು 45 ಡಿಗ್ರಿ ಮೀರಕೂಡದು, ಇಲ್ಲವೇ ಒಂದೂವರೆ ಮೀಟರಿಗಿಂತ ಎತ್ತರವಿಲ್ಲದ ಮೆಟ್ಟಿಲುಗಳಾಗಿ ಕಡಿಯಬೇಕು ಎಂದು ಅವು ಹೇಳುತ್ತಿದ್ದವು.

ನೆಟ್ಟಗೆ ಕಡಿದ ಗೋಡೆಯ ಅಪಾಯ ಕೆಲಸ ನಿಂತ ಮೇಲೂ ತಪ್ಪುವುದಿಲ್ಲ. ಮುಂಗಾರಿನಲ್ಲಿ ಗುಂಡಿ ತುಂಬುತ್ತದೆ. ಕೆರೆಗಾದರೆ ನಿಧಾನವಾಗಿ ಇಳಿಯುವ ಅಂಗಳವಿರುತ್ತದೆ. ಗರಸು ಗುಂಡಿಯಲ್ಲಿ ದಡದಿಂದ ಒಂದೇ ಹೆಜ್ಜೆಗೆ ಆಳ, ಹಿಡಿದು ಹತ್ತಲು ಜಾರುವ ಮಣ್ಣು. ಈಜಲು, ದನ ಮೈ ತೊಳೆಯಲು ಹೋದ ಮಕ್ಕಳು ಇಂತಹ ಹೊಂಡಗಳಲ್ಲಿ ಮುಳುಗಿದ ಸುದ್ದಿಗಳು ರಾಜ್ಯದಲ್ಲಿ ಮರುಕಳಿಸುತ್ತಲೇ ಇವೆ.

ಮುಚ್ಚುವುದು ಹೇಗೆ?

ಗುಂಡಿಯನ್ನು ‘ಮೊದಲಿನಂತೆ’ ಮುಚ್ಚುವುದು ಬಹುತೇಕ ಆಗದ ಮಾತು. ಗರಸಿನಲ್ಲಿ ತ್ಯಾಜ್ಯ ಕಡಿಮೆ. ತೆಗೆದದ್ದೆಲ್ಲ ಮಾರಾಟವಾಗಿ ಹೋಗಿರುತ್ತದೆ, ತುಂಬಲು ಮಣ್ಣೇ ಉಳಿದಿರುವುದಿಲ್ಲ. ಆದ್ದರಿಂದ ಪುನಶ್ಚೇತನದ ಕೆಲಸ ಅಗೆತದ ಮೊದಲ ದಿನವೇ ಆರಂಭವಾಗಬೇಕು. ಗೇಣುದ್ದದ ಮೇಲ್ಮಣ್ಣನ್ನು ಪ್ರತ್ಯೇಕವಾಗಿ ಕೂಡಿಡಬೇಕು. ಬೀಜ, ಬೇರು, ಸೂಕ್ಷ್ಮಜೀವಿಗಳಿರುವುದು ಅದರಲ್ಲಿಯೇ. ಎತ್ತರದ ರಾಶಿಯಾಗಿ ವರ್ಷಗಟ್ಟಲೆ ಬಿಟ್ಟರೆ ಅದೂ ಸತ್ವಗೆಡುತ್ತದೆ. ಕೊನೆಯಲ್ಲಿ ಅಂಚುಗಳನ್ನು ಇಳಿಜಾರು ಮಾಡಿ, ಮೇಲ್ಮಣ್ಣು ಹರಡಿ, ಮೊದಲು ಹುಲ್ಲು, ಬಳಿಕ ಹೊಂಗೆ, ಬೇವಿನಂತಹ ಗಿಡಗಳನ್ನು ಬೆಳೆಸಬಹುದು. ನೀರು ನಿಲ್ಲುವ ತಗ್ಗನ್ನು ಕೃಷಿಹೊಂಡವಾಗಿ ಉಳಿಸಿಕೊಳ್ಳಲೂಬಹುದು. ಕಸ ಸುರಿಯುವುದು ಮಾತ್ರ ಪುನಶ್ಚೇತನವಲ್ಲ. ಬೆಂಗಳೂರಿನ ಉತ್ತರ ಅಂಚಿನ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಹಳೆಯ ಕಲ್ಲುಕ್ವಾರಿಗಳು ನಗರದ ಕಸಕ್ಕೆ ತಾಣವಾದದ್ದು ಎಲ್ಲರೂ ಬಲ್ಲ ಸಂಗತಿ.

ಗಣಿಗಾರಿಕೆ ಮುಗಿದ ನೆಲದಲ್ಲಿ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಮತ್ತೆ ಹುಲ್ಲು ಬೆಳೆಸಬೇಕೆಂಬ ಷರತ್ತು ವಿಧಿಸುವಂತೆ ಸುಪ್ರೀಂ ಕೋರ್ಟ್ 2020ರ ಜನವರಿ 8ರಂದು ಕೇಂದ್ರಕ್ಕೆ ಸೂಚಿಸಿತು. ಅದೇ ತಿಂಗಳು ಪರಿಸರ ಸಚಿವಾಲಯ ಇದನ್ನು ಅನುಮೋದನೆಯ ಷರತ್ತುಗಳಿಗೆ ಸೇರಿಸಿತು. ಆದರೆ ದೊಡ್ಡ ಗಣಿಗಳಿಂದ ಮುಚ್ಚುಗಡೆಯ ಹಣಕಾಸು ಭದ್ರತೆ ಪಡೆಯುವ 2017ರ ಕೇಂದ್ರ ನಿಯಮಾವಳಿ ಉಪಖನಿಜಗಳಿಗೆ ಅನ್ವಯಿಸದು. ಷರತ್ತಿನ ಹಿಂದೆ ಹಣದ ಬಲ ಕಡಿಮೆಯಾಗುವುದು ಇಲ್ಲಿಯೇ.

ಅನುಮೋದನೆ ಪಡೆದವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಷರತ್ತು ಪಾಲನೆಯ ವರದಿ ಸಲ್ಲಿಸಬೇಕೆಂದು 2006ರ ಅಧಿಸೂಚನೆ ಹೇಳುತ್ತದೆ. ಈ ವರದಿಗಳು ಸಾರ್ವಜನಿಕ ದಾಖಲೆಗಳು. ಊರಿನ ಪಕ್ಕ ಗುಂಡಿ ತೆರೆದಿದ್ದರೆ ಅದರ ಸರ್ವೆ ಸಂಖ್ಯೆ ಹಿಡಿದು ಯಾವ ನಾಗರಿಕನೂ ಇವನ್ನು ಕೇಳಿ ಪಡೆಯಬಹುದು.