ಪ್ಲಗ್ಗಿನ ಲೆಕ್ಕ, ಸರತಿಯ ಲೆಕ್ಕ

2017ರ ಮೇ 26ರಂದು ನಾಗಪುರದಲ್ಲಿ ಓಲಾ ಮತ್ತು ಮಹೀಂದ್ರಾ ಸಂಸ್ಥೆಗಳು ವಿದ್ಯುತ್ ಟ್ಯಾಕ್ಸಿ ಸೇವೆಯನ್ನು ಆರಂಭಿಸಿದವು. ಕಾರು, ಆಟೊ, ಬಸ್ಸು, ಇ-ರಿಕ್ಷಾಗಳೆಲ್ಲ ಸೇರಿ ಸುಮಾರು 200 ವಾಹನಗಳ ಯೋಜನೆಯದು. ಅವುಗಳಲ್ಲಿ 100 ಮಹೀಂದ್ರಾದ ಇ-ಟು-ಒ ಪ್ಲಸ್ ಕಾರುಗಳು. ವಿದರ್ಭದ ಬಿಸಿಲಿಗೆ ಬಂದ ಈ ಪುಟ್ಟ ಕಾರಿನ ತವರು ನಮ್ಮ ಬೆಂಗಳೂರು. ಚೇತನ್ ಮೈನಿಯವರ ರೇವಾ 2001ರಲ್ಲಿ ಅಲ್ಲಿಂದಲೇ ರಸ್ತೆಗಿಳಿದಿತ್ತು. ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಿಂದ ಓಡಾಡಿ, 2010ರಲ್ಲಿ ಮಹೀಂದ್ರಾದ ಪಾಲಾಯಿತು. ಇ-ಟು-ಒ ಅದರ ವಂಶದ ಕುಡಿ.

ರೇವಾದ ಕಾಲದಿಂದಲೂ ಕೊಳ್ಳುವವರ ಮೊದಲ ಪ್ರಶ್ನೆ ಒಂದೇ: ಒಮ್ಮೆ ಚಾರ್ಜು ಮಾಡಲು ಎಷ್ಟು ಖರ್ಚು? ಉತ್ತರ ಸರಳವೆನಿಸುತ್ತದೆ. ಬ್ಯಾಟರಿ 10 ಯೂನಿಟ್ಟಿನದಾದರೆ, ಚಾರ್ಜರ್ ಮತ್ತು ಬ್ಯಾಟರಿಗಳ ಬಿಸಿಯಲ್ಲಿ ಸೋರುವುದಕ್ಕೆ ಶೇಕಡಾ 15ರಷ್ಟು ಸೇರಿಸಿ, ಮೀಟರಿನಲ್ಲಿ 11.5 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೆ 92 ರೂಪಾಯಿ. ನೂರು ಕಿಲೋಮೀಟರ್ ಓಡಿದರೆ ಕಿಲೋಮೀಟರಿಗೆ 92 ಪೈಸೆ. ಮೇ ತಿಂಗಳ ನಾಗಪುರದಲ್ಲಿ ಎ.ಸಿ. ಹಾಕಿಕೊಂಡು 80 ಕಿಲೋಮೀಟರಿಗೇ ನಿಂತರೆ 1 ರೂಪಾಯಿ 15 ಪೈಸೆ. ಆಗಲೂ ಪೆಟ್ರೋಲಿಗಿಂತ ಎಷ್ಟೋ ಅಗ್ಗ. ಆದರೆ ಮನೆಯ ಬಿಲ್ಲಿನಲ್ಲಿ ಲೆಕ್ಕ ಹಾಕಬೇಕಾದದ್ದು ಸರಾಸರಿ ದರದಿಂದಲ್ಲ, ಕಾರು ನಮ್ಮನ್ನು ನೂಕುವ ಕೊನೆಯ ಸ್ಲ್ಯಾಬಿನ ದರದಿಂದ. ಇದನ್ನು ಮರೆಯುವವರೇ ಹೆಚ್ಚು.

ಮನೆಯ ಮಾಲೀಕನಿಗೆ ಇಷ್ಟು ಸಾಕು. ಟ್ಯಾಕ್ಸಿಯವನಿಗೆ ಸಾಲದು. ಮನೆಯ ಸಾಕೆಟ್ಟಿನಲ್ಲಿ ಐದಾರು ಗಂಟೆ ಬೇಡುವ ಕಾರನ್ನು ರಾತ್ರಿ ಕಟ್ಟಿಹಾಕಬಹುದು. ಆದರೆ ದಿನಕ್ಕೆ 150 ಕಿಲೋಮೀಟರ್ ಓಡಿಸಿ ಹೊಟ್ಟೆ ಹೊರೆಯುವವನು ನಡುಹಗಲಿನಲ್ಲಿ ಮತ್ತೆ ಪ್ಲಗ್ಗಿಗೆ ಬರಲೇಬೇಕು. ಅವನ ಮುಂದೆ ಸರತಿ. 2018ರ ಆರಂಭದಲ್ಲೇ ನಾಗಪುರದ ಚಾಲಕರು ಕಾಯುವಿಕೆಯನ್ನೂ ಖರ್ಚನ್ನೂ ದೂರಿ, ಕೆಲವರು ಡೀಸೆಲ್ ಕಾರಿಗೆ ಮರಳಬಯಸಿದ ವರದಿಗಳು ಬಂದವು. ಗಂಟೆಗೆ 100 ರೂಪಾಯಿ ಗಳಿಸುವ ಚಾಲಕ ಎರಡು ಗಂಟೆ ಕಾದರೆ ಕಳೆದುಕೊಳ್ಳುವುದು 200. ವಿದ್ಯುತ್ತಿನ ಬಿಲ್ಲಿನ ಎರಡರಷ್ಟಕ್ಕೂ ಹೆಚ್ಚು. ಅವರ ದೂರನ್ನು ಹೊಸತನದ ಮೇಲಿನ ಮುನಿಸೆಂದು ತಳ್ಳಿಹಾಕುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ನಿಲ್ದಾಣಗಳು ಬೇಗ ಹೆಚ್ಚದಿರಲು ಕಾನೂನಿನ ತೊಡಕೂ ಒಂದಿತ್ತು. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ವಿದ್ಯುತ್ ಮಾರಲು ಪರವಾನಗಿ ಬೇಕು. ಹಾಗಾದರೆ ಕಾರಿಗೆ ಚಾರ್ಜು ಮಾಡಿಕೊಟ್ಟು ಹಣ ಪಡೆಯುವುದು ಮಾರಾಟವೇ? ಯೋಜನೆ ಆರಂಭವಾದಾಗ ಇದಕ್ಕೆ ಸ್ಪಷ್ಟ ಉತ್ತರವಿರಲಿಲ್ಲ. 2017ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ನಾಗಪುರದ ತನ್ನ ಪೆಟ್ರೋಲ್ ಬಂಕೊಂದರಲ್ಲೇ ಚಾರ್ಜಿಂಗ್ ಕೇಂದ್ರ ತೆರೆದಾಗಲೂ ಇರಲಿಲ್ಲ. ಅದು ಮಾರಾಟವಲ್ಲ, ಸೇವೆ; ಪರವಾನಗಿ ಬೇಕಿಲ್ಲ ಎಂದು ಕೇಂದ್ರದ ವಿದ್ಯುತ್ ಸಚಿವಾಲಯ ಸ್ಪಷ್ಟಪಡಿಸಿದ್ದು 2018ರ ಏಪ್ರಿಲ್‌ನಲ್ಲಿ. ನಾಗಪುರದ ಟ್ಯಾಕ್ಸಿಗಳು ಆ ವೇಳೆಗೆ ಹನ್ನೊಂದು ತಿಂಗಳು ಓಡಿದ್ದವು.